ಇಂದು ನಗದು, ನಾಳೆ ಉದ್ರಿ

ಹುಬ್ಬಳ್ಳಿಯ ಹಳೆಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಬೋರ್ಡು ಇರುತ್ತದೆ: ‘ಇಂದು ನಗದು, ನಾಳೆ ಉದ್ರಿ’. ಓದಿದವರು ನಕ್ಕು ರೊಕ್ಕ ಎಣಿಸಿ ಕೊಡುತ್ತಾರೆ. ಯಾರಿಗೂ ಅವಮಾನವಾಗುವುದಿಲ್ಲ. ಅದೇ ಮಾತನ್ನು ಒಂದು ಸಾಹಿತ್ಯ ಪತ್ರಿಕೆಯ ಎರಡನೇ ಪುಟದಲ್ಲಿ ಅಚ್ಚು ಹಾಕಿ ನೋಡಿ, ಊರಿನ ಅರ್ಧ ಸಾಹಿತಿಗಳು ಮುನಿಸಿಕೊಳ್ಳುತ್ತಾರೆ.

ಹಳೇ ಹುಬ್ಬಳ್ಳಿಯ ಒಂದು ಓಣಿಯಿಂದ ಮೂರು ತಿಂಗಳಿಗೊಮ್ಮೆ ಕಥೆ, ಕವಿತೆ, ಚಿತ್ರಗಳ ಸಣ್ಣ ಪತ್ರಿಕೆಯೊಂದನ್ನು ಗೆಳೆಯರ ಜೊತೆ ಹೊರಡಿಸುತ್ತೇನೆ. ಆ ಕೆಲಸದಿಂದ ಹುಟ್ಟಿದ ಒಂದು ಜಗಳವನ್ನು ಇಲ್ಲಿ ಬಹಿರಂಗವಾಗಿ ಆಡಬೇಕಾಗಿದೆ. ನನ್ನ ವಾದ ಇಷ್ಟು: ಕನ್ನಡದ ಸಣ್ಣ ಪತ್ರಿಕೆಗಳು ಸಾಯುವುದರಲ್ಲಿ ‘ಗೌರವ ಪ್ರತಿ’ ಎಂಬ ಪದ್ಧತಿಯ ಪಾಲು ದೊಡ್ಡದು. ಓದುಗರಿಲ್ಲ, ಮೊಬೈಲು ಬಂತು, ಕಾಲ ಕೆಟ್ಟಿತು ಎಂಬ ಮಾತುಗಳನ್ನೆಲ್ಲ ಆಮೇಲೆ ನೋಡೋಣ. ಮೊದಲು ಪುಕ್ಕಟೆ ಪ್ರತಿಯನ್ನು ನಿಲ್ಲಿಸೋಣ.

ಯಾವುದು ಗೌರವ ಪ್ರತಿ, ಯಾವುದು ಅಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಬರೆದವರಿಗೆ, ಚಿತ್ರ ಮಾಡಿಕೊಟ್ಟವರಿಗೆ ಹೋಗುವ ಪ್ರತಿ ಅವರ ಹಕ್ಕು, ಅದಕ್ಕೆ ಗೌರವವೆಂಬ ಹೆಸರು ಬೇಕಿಲ್ಲ. ಇನ್ನೊಂದು ಪತ್ರಿಕೆಯ ಜೊತೆ ಮಾಡಿಕೊಳ್ಳುವ ವಿನಿಮಯ ಪ್ರತಿ ಒಂದು ವ್ಯವಹಾರ. 1954ರ ಕಾಯ್ದೆಯಂತೆ ರಾಷ್ಟ್ರೀಯ ಗ್ರಂಥಾಲಯದಂಥ ಕಡೆ ಸಲ್ಲಿಸುವ ಪ್ರತಿ ಕಾನೂನಿನ ಮಾತು. ನಾನು ಹೇಳುತ್ತಿರುವುದು ಇವು ಮೂರನ್ನೂ ಬಿಟ್ಟ ನಾಲ್ಕನೆಯದನ್ನು. ನಿವೃತ್ತ ಪ್ರಾಧ್ಯಾಪಕರು, ಸಂಘ-ಸಂಸ್ಥೆಗಳ ಅಧ್ಯಕ್ಷರು, ಪ್ರಶಸ್ತಿ ಸಮಿತಿಗಳಲ್ಲಿ ಕೂತವರು, ಐದು ವರ್ಷದ ಹಿಂದೆ ಒಂದು ಕವಿತೆ ಕೊಟ್ಟು ಅಂದಿನಿಂದ ಆಜೀವ ಸದಸ್ಯರಾದವರು. ಇವರಿಗೆಲ್ಲ ಪ್ರತಿ ಸಂಚಿಕೆ ಮನೆಗೆ ಬರಬೇಕು, ಬಾರದಿದ್ದರೆ ಫೋನು ಬರುತ್ತದೆ. ‘ಏನ್ರೀ, ಸಂಚಿಕಿ ಬಂತಂತಲ್ಲ, ನಮಗ ಮುಟ್ಟಲೇ ಇಲ್ಲಲ್ರೀ?’ ಕೇಳುವ ದನಿಯಲ್ಲಿ ಸಂಕೋಚ ಇರುವುದಿಲ್ಲ, ಬಾಕಿ ವಸೂಲಿಯ ಗತ್ತು ಇರುತ್ತದೆ. ಅದೇ ಮನುಷ್ಯ ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದು, ಮಿರ್ಚಿ ತಿಂದು, ಚಹಾ ಕುಡಿದು, ಕೇಳಿದಷ್ಟು ಕೊಟ್ಟು ಬರುತ್ತಾನೆ. ಅಲ್ಲಿ ‘ನಾನು ಹಿರಿಯ ಲೇಖಕ, ನನಗೊಂದು ಗೌರವ ಮಿರ್ಚಿ ಕೊಡು’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸಾಹಿತ್ಯದ ಮಾತಿನ ನಡುವೆ ಲೆಕ್ಕ ತೆಗೆದರೆ ಧಾರವಾಡದವರಿಗೆ ಇರುಸುಮುರುಸಾಗಬಹುದು, ಆದರೆ ನಮ್ಮದು ವ್ಯಾಪಾರದ ಊರು. ತಿಳಿಯಲು ಸುಲಭವಾಗಲೆಂದು ದುಂಡು ಅಂಕಿಗಳನ್ನೇ ಹಿಡಿಯುತ್ತೇನೆ. ಒಂದು ಪತ್ರಿಕೆ 300 ಪ್ರತಿ ಅಚ್ಚಾಗುತ್ತದೆ, ಕಾಗದ, ಅಚ್ಚು, ಪಿನ್ನು, ಅಂಚೆ ಎಲ್ಲ ಸೇರಿ ಪ್ರತಿಯೊಂದಕ್ಕೆ 100 ರೂಪಾಯಿ ಬೀಳುತ್ತದೆ ಎಂದುಕೊಳ್ಳಿ. ಒಟ್ಟು 30,000. ಅದರಲ್ಲಿ 100 ಪ್ರತಿ ಗೌರವಕ್ಕೆ ಹೋದರೆ ಉಳಿದ 200 ಪ್ರತಿಗಳೇ ಆ 30,000ವನ್ನು ಹೊರಬೇಕು. ಪ್ರತಿಯೊಂದಕ್ಕೆ 150 ರೂಪಾಯಿ. ಅಂದರೆ ಬಿ.ಎ. ಓದುವ ಚಂದಾದಾರನೊಬ್ಬ ತನ್ನ ಪ್ರತಿಯ ಜೊತೆಗೆ, ಪಿಂಚಣಿ ಬರುವ ಯಾರೋ ಒಬ್ಬರ ಅರ್ಧ ಪ್ರತಿಯ ದುಡ್ಡನ್ನೂ ಕೊಡುತ್ತಿದ್ದಾನೆ. ಅವನನ್ನು ಯಾರೂ ಕೇಳಿರುವುದಿಲ್ಲ.

‘ಹೇಗೂ ಅಚ್ಚಾಗಿದೆ, ಒಂದು ಪ್ರತಿ ಕೊಟ್ಟರೆ ನಿಮ್ಮ ಗಂಟೇನು ಹೋಯ್ತು?’ ಎನ್ನುವವರಿದ್ದಾರೆ. ಸಾವಿರಾರು ಪ್ರತಿ ತೆಗೆಯುವ ಆಫ್‌ಸೆಟ್ಟಿನಲ್ಲಿ ಆ ಮಾತಿಗೆ ಸ್ವಲ್ಪ ಅರ್ಥವಿದೆ. ಪ್ಲೇಟು ಮಾಡಿಸಿ ಯಂತ್ರ ಹೂಡುವ ಖರ್ಚು ಮೊದಲೇ ಆಗಿರುತ್ತದೆ, ಆಮೇಲಿನ ಪ್ರತಿ ಅಗ್ಗ. ಆದರೆ ಸಣ್ಣ ಪತ್ರಿಕೆಗಳು ಈಗ ಹೆಚ್ಚಾಗಿ ಡಿಜಿಟಲ್ ಅಚ್ಚಿಗೆ ಹೋಗುತ್ತವೆ, ಅಲ್ಲಿ ಮೊದಲ ಪ್ರತಿಗೂ ನೂರನೆಯದಕ್ಕೂ ಹೆಚ್ಚುಕಡಿಮೆ ಒಂದೇ ದರ. ಅಂಚೆಯಂತೂ ಪ್ರತಿ ಲಕೋಟೆಗೂ ಪೂರಾ ಬೀಳುತ್ತದೆ. ಜೊತೆಗೆ ಕಾಣದ ಇನ್ನೊಂದು ನಷ್ಟವಿದೆ. ಪತ್ರಿಕೆಯನ್ನು ಕೊಂಡುಕೊಳ್ಳಬಲ್ಲ, ಓದುವ ಅಭ್ಯಾಸವಿರುವ ಮನುಷ್ಯನಿಗೇ ಪುಕ್ಕಟೆ ಕೊಟ್ಟರೆ, ಅವನು ಇನ್ನೆಂದೂ ಚಂದಾದಾರನಾಗುವುದಿಲ್ಲ. ಸಂಪಾದಕ ತನ್ನ ಅತ್ಯುತ್ತಮ ಗಿರಾಕಿಯನ್ನು ತಾನೇ ಅಂಗಡಿಯಿಂದ ಹೊರಗೆ ಕಳಿಸಿದಂತೆ.

ಇದನ್ನೆಲ್ಲ ಹೇಳಿದಾಗ ಹಿರಿಯರೊಬ್ಬರು ನನಗೆ, ‘ತಮ್ಮಾ, ಆರೂಢರ ಊರಾಗ ಇದ್ದು ಅಕ್ಷರಕ್ಕ ರೊಕ್ಕ ಕೇಳ್ತೀಯಲ್ಲೋ’ ಎಂದರು. ಸಿದ್ಧಾರೂಢ ಮಠ ನಮ್ಮ ಹಳೇ ಹುಬ್ಬಳ್ಳಿಯಲ್ಲೇ ಇದೆ. ಅಲ್ಲಿನ ದಾಸೋಹದಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು, ಜಾತಿ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಹಿರಿಯರ ಮಾತು ನಾಟುವಂಥದ್ದೇ. ಆದರೆ ದಾಸೋಹ ಪುಕ್ಕಟೆ ನಡೆಯುತ್ತದೆ ಎಂದವರು ಯಾರು? ಅಕ್ಕಿ, ಬೇಳೆ, ಬೆಲ್ಲ ಭಕ್ತರ ಮನೆಗಳಿಂದ ಬರುತ್ತದೆ. ರೊಕ್ಕ ಇಲ್ಲದವರು ಕಾಯಿಪಲ್ಯ ಹೆಚ್ಚುತ್ತಾರೆ, ಬಡಿಸುತ್ತಾರೆ, ಪಾತ್ರೆ ತೊಳೆಯುತ್ತಾರೆ. ಇದ್ದವರು ಕೊಟ್ಟದ್ದು ಹಸಿದವರ ಎಲೆಗೆ ಬೀಳುತ್ತದೆ. ಗೌರವ ಪ್ರತಿಯಲ್ಲಿ ಇದು ಪೂರ್ತಿ ತಿರುಗಮುರುಗ. ಸಂಬಳವಿಲ್ಲದ ಹುಡುಗಿ ತನ್ನ ಕೈಖರ್ಚಿನಲ್ಲಿ ಉಳಿಸಿ ಚಂದಾ ಕಟ್ಟುತ್ತಾಳೆ, ಮನೆ ತುಂಬ ಪುಸ್ತಕವಿರುವವರಿಗೆ ಪುಕ್ಕಟೆ ಹೋಗುತ್ತದೆ. ದಾಸೋಹದಲ್ಲಿ ಹಸಿದವನಿಗೆ ಉಚಿತ, ಗೌರವ ಪ್ರತಿಯಲ್ಲಿ ಉಂಡವನಿಗೆ ಉಚಿತ. ಆರೂಢರ ಹೆಸರನ್ನು ಇದಕ್ಕೆ ತರಬಾರದು.

ಇನ್ನು ಇತಿಹಾಸದ ಮಾತು. ಸಣ್ಣ ಪತ್ರಿಕೆಯ ಸುದ್ದಿ ಬಂದರೆ ಸಾಕು, ‘ಅವರೆಲ್ಲ ಪ್ರೀತಿಯಿಂದ ನಡೆಸಿದರು, ಕೈಯಿಂದ ಹಾಕಿ ನಡೆಸಿದರು’ ಎಂಬ ಉಪನ್ಯಾಸ ಶುರುವಾಗುತ್ತದೆ. ಕೈಯಿಂದ ಹಾಕಿದ್ದು ನಿಜ. ಆ ಕೈಗೆ ರೊಕ್ಕ ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. 1962ರಲ್ಲಿ ‘ಸಾಕ್ಷಿ’ ಆರಂಭಿಸಿದ ಗೋಪಾಲಕೃಷ್ಣ ಅಡಿಗರು ಕಾಲೇಜು ಅಧ್ಯಾಪಕರು. 1964ರಲ್ಲಿ ಧಾರವಾಡದಿಂದ ‘ಸಂಕ್ರಮಣ’ ಹೊರಡಿಸಿದ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ ಪಾಠ ಹೇಳುವ ವೃತ್ತಿಯವರು. 1981ರಲ್ಲಿ ‘ರುಜುವಾತು’ ತಂದ ಅನಂತಮೂರ್ತಿಯವರು ಇಂಗ್ಲಿಷ್ ಪ್ರಾಧ್ಯಾಪಕರು. 2005ರಲ್ಲಿ ‘ದೇಶಕಾಲ’ ಆರಂಭಿಸಿದ ವಿವೇಕ ಶಾನಭಾಗರು ಎಂಜಿನಿಯರ್. ಇವರ ಧೈರ್ಯ, ರುಚಿ, ಹಟ ಯಾವುದನ್ನೂ ನಾನು ಕಡಿಮೆ ಮಾಡುತ್ತಿಲ್ಲ. ‘ಸಂಕ್ರಮಣ’ವನ್ನು ಚಂಪಾ ದಶಕಗಳ ಕಾಲ ಎಳೆದದ್ದು, ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿ ಬಂದೂ ಬಿಡದೆ ಎಳೆದದ್ದು ಸಣ್ಣ ಮಾತಲ್ಲ. ಆದರೂ ಒಂದು ಸತ್ಯ ಹೇಳಲೇಬೇಕು: ನವ್ಯದಿಂದ ಈಚೆಗೆ ಕನ್ನಡದ ಸಾಹಿತ್ಯ ಪತ್ರಿಕೆಗಳಿಗೆ ದೊಡ್ಡ ಪ್ರಾಯೋಜಕ ಎಂದರೆ ಸಂಪಾದಕನ ತಿಂಗಳ ಸಂಬಳ.

ಆ ಸಂಬಳ ಈಗ ಯಾರಿಗಿದೆ? ನಮ್ಮ ಪೀಳಿಗೆಯಲ್ಲಿ ಕನ್ನಡ ಎಂ.ಎ. ಮಾಡಿದವನು ಅತಿಥಿ ಉಪನ್ಯಾಸಕ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅವನಿಗೇ ಗೊತ್ತಿರುವುದಿಲ್ಲ. ಚಿತ್ರಕಲೆ ಕಲಿತವರು ಮದುವೆ ಮನೆಯ ಮಂಟಪ ಕಟ್ಟುತ್ತಾರೆ, ಲಗ್ನಪತ್ರಿಕೆ ವಿನ್ಯಾಸ ಮಾಡುತ್ತಾರೆ. ನಮ್ಮ ಪತ್ರಿಕೆಯ ಮುಖಪುಟ ಬರೆಯುವ ಗೆಳೆಯ ಹಗಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಾನೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸವೂ ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ. ಇಂಥವರಿಗೆ ‘ಪ್ರೀತಿಯಿಂದ ನಡೆಸಿ’ ಎಂದು ಹೇಳುವುದರ ಅರ್ಥವೇನು? ಸಂಬಳ ಇದ್ದವರು ಮಾತ್ರ ಪತ್ರಿಕೆ ನಡೆಸಿ ಎಂದಷ್ಟೆ. ಪತ್ರಿಕೆ ಯಾರ ಕೈಯಲ್ಲಿರುತ್ತದೋ ಅವರ ರುಚಿ, ಅವರ ಓಣಿ, ಅವರ ಕನ್ನಡ ಅಚ್ಚಾಗುತ್ತದೆ. ದಲಿತ ಚಳವಳಿಗೆ ‘ಪಂಚಮ’ ಬೇಕಾಗಿತ್ತು, 1973ರಲ್ಲಿ ‘ಶೂದ್ರ’ ಎಂಬ ಹೆಸರಿಟ್ಟೇ ಒಂದು ಪತ್ರಿಕೆ ಬರಬೇಕಾಗಿತ್ತು. ಇದ್ದ ಪತ್ರಿಕೆಗಳಲ್ಲಿ ಜಾಗ ಕೇಳುತ್ತ ಕೂತಿದ್ದರೆ ಆ ದನಿಗಳು ಹೊರಬರುವುದು ತಡವಾಗುತ್ತಿತ್ತು. ಹಳೇ ಹುಬ್ಬಳ್ಳಿಯ ನೇಕಾರ ಮನೆಯ ಹುಡುಗಿಗೆ, ಮನೆಯಲ್ಲಿ ಉರ್ದು ಬೆರೆತ ಕನ್ನಡ ಆಡಿ ಅದೇ ಕನ್ನಡದಲ್ಲಿ ಕಥೆ ಬರೆಯುವ ಹುಡುಗನಿಗೆ ನಾಳೆ ಒಂದು ಪತ್ರಿಕೆ ಮಾಡಬೇಕೆನಿಸಿದರೆ, ಅದು ನಡೆಯುವಂತಿರಬೇಕು. ಪಣಕ್ಕಿರುವುದು ನನ್ನ 64 ಪುಟಗಳಲ್ಲ, ಅವರ ಪತ್ರಿಕೆ.

ನಡೆಯುವ ದಾರಿ ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ನಮ್ಮ ಸೀಮೆಯಲ್ಲೇ ಇದೆ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅವರನ್ನು ಕಾದಂಬರಿ ಪಿತಾಮಹ ಎಂದು ಹೊಗಳುವ ನಾವು, ಅವರು ಮಾರಾಟಗಾರರೂ ಆಗಿದ್ದರು ಎಂಬುದನ್ನು ಬಡತನದ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಅದು ಹೆಮ್ಮೆಯ ಕಥೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದು ಚಂದಾದಾರರ ಮೇಲೆ. ಓದುಗ ಮೊದಲೇ ರೊಕ್ಕ ಕಟ್ಟುತ್ತಿದ್ದ, ವರ್ಷದಲ್ಲಿ ಇಷ್ಟು ಪುಸ್ತಕ ಅವನ ಮನೆಗೆ ಬರುತ್ತಿದ್ದವು. ಯಾವ ಪುಸ್ತಕ ಬರುತ್ತದೆ ಎಂಬುದನ್ನು ಆರಿಸುವವರು ಮಾಲೆಯವರು. 1961ರಲ್ಲಿ ಆ ಮಾಲೆಯಿಂದ ‘ಯಯಾತಿ’ ಬಂದಾಗ ಗಿರೀಶ ಕಾರ್ನಾಡರಿಗೆ 23 ವರ್ಷ, ಹೆಸರು ಕೇಳಿದವರು ಕಡಿಮೆ. ಆ ನಾಟಕ ಓದುಗರ ಮನೆ ಹೊಕ್ಕದ್ದು, ಅದನ್ನು ಬರೆದವನಾರೆಂದು ತಿಳಿಯದೆಯೇ ಅದಕ್ಕಾಗಿ ರೊಕ್ಕ ಕಟ್ಟಿಟ್ಟ ಚಂದಾದಾರರಿಂದ. ಚಂದಾ ಎಂಬುದರ ಅರ್ಥ ಅದೇ: ಇನ್ನೂ ಬರೆಯದ, ಇನ್ನೂ ಹೆಸರಾಗದ ಯಾರದೋ ಮೇಲೆ ಮುಂಗಡವಾಗಿ ಇಟ್ಟ ನಂಬಿಕೆ. ಹೆಸರಾದವರ ಪುಸ್ತಕವನ್ನು ಬಿಡುಗಡೆಯಾದ ಮೇಲೆ ಕೊಂಡರೆ ಅದು ಬರೀ ಖರೀದಿ.

ಹುಬ್ಬಳ್ಳಿಯಲ್ಲೂ ಇಂಥ ಉದಾಹರಣೆ ಇವೆ. ಪಾಟೀಲ ಪುಟ್ಟಪ್ಪನವರು 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆ ತೆಗೆದದ್ದು ಇಲ್ಲಿ. 1956ರಲ್ಲಿ ‘ಕಸ್ತೂರಿ’ ಹೊರಟದ್ದು ಇಲ್ಲಿಂದ. ‘ಕಸ್ತೂರಿ’ಯ ಬೆನ್ನಿಗೆ ಲೋಕ ಶಿಕ್ಷಣ ಟ್ರಸ್ಟ್ ಇತ್ತು ಎಂಬುದು ಸರಿ, ಆದರೆ ಪಾ.ವೆಂ. ಆಚಾರ್ಯರ ಕೈಯಲ್ಲಿ ಅದು ಮನೆಮಾತಾದದ್ದು ಜನ ಅಂಗಡಿಗೆ ಹೋಗಿ ಕೊಂಡು ಓದಿದ್ದರಿಂದ. ಆಚೆ ಬೆಂಗಳೂರಿನಲ್ಲಿ 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ, ಓದುಗರು ಕೊಟ್ಟ ದುಡ್ಡಿನ ಮೇಲೆ ನಿಂತಿತು. ಅದರ ನಾಲಿಗೆಗೆ ಆ ಹರಿತ ಬಂದದ್ದೂ ಅದರಿಂದಲೇ. ಓದುಗನ ದುಡ್ಡು ತಿಂದ ಪತ್ರಿಕೆ ಓದುಗನಿಗೆ ಮಾತ್ರ ಹೆದರಬೇಕು. ಪುಕ್ಕಟೆ ಹಂಚಿದ ಪತ್ರಿಕೆ, ಅದನ್ನು ಯಾರಿಗೆ ಹಂಚಿತೋ ಅವರ ಮರ್ಜಿಯಲ್ಲಿ ಬದುಕುತ್ತದೆ. ಗೌರವ ಪ್ರತಿ ಪಡೆಯುವ ಹಿರಿಯರ ಪುಸ್ತಕ ಕೆಟ್ಟದಾಗಿದೆ ಎಂದು ವಿಮರ್ಶೆ ಬರೆಸಲು ಎಷ್ಟು ಸಂಪಾದಕರಿಗೆ ಧೈರ್ಯವಿದೆ?

ಸರ್ಕಾರ ಏಕೆ ನೆರವಾಗಬಾರದು ಎಂಬ ಪ್ರಶ್ನೆ ಬರುತ್ತದೆ. ಆಗಲಿ, ನಾನೇನು ಬೇಡ ಎನ್ನುವುದಿಲ್ಲ. ಆದರೆ ಸರ್ಕಾರ ನಮ್ಮನ್ನು ಹೇಗೆ ನೋಡುತ್ತದೆ ಎಂಬುದಕ್ಕೆ ಅಂಚೆಯನ್ನು ನೋಡಿ. 1898ರ ಅಂಚೆ ಕಾಯ್ದೆಯಲ್ಲಿ ಪತ್ರಿಕೆಗಳ ರಿಯಾಯಿತಿ ದರ ಬೇಕಾದರೆ ಎರಡು ಷರತ್ತಿದ್ದವು: ಸಂಚಿಕೆಗಳ ನಡುವಿನ ಅಂತರ 31 ದಿನ ಮೀರಬಾರದು, ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಮೊದಲ ಷರತ್ತಿನಲ್ಲೇ ತ್ರೈಮಾಸಿಕಗಳು ಹೊರಗೆ. ಪುಸ್ತಕಗಳಿಗೆ ಆಸರೆಯಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂತು, 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ಹೆಸರು ಚೆನ್ನಾಗಿದೆ, ದರವೂ ಅಡ್ಡಿಯಿಲ್ಲ. ಆದರೆ ನಿಯತಕಾಲಿಕೆಗಳಿಗೆ ಅಲ್ಲಿ ಪ್ರವೇಶವಿಲ್ಲ. ನಾವು ಹೊರಡಿಸುವುದು ಅವರ ಪ್ರಕಾರ ಜ್ಞಾನದ ಲೆಕ್ಕಕ್ಕೆ ಬರುವುದಿಲ್ಲ. ಪತ್ರಿಕೆಗೆ ಜಿಎಸ್‌ಟಿ ಇಲ್ಲ ಎಂದು ಸಂತೋಷಪಡುವಂತೆಯೂ ಇಲ್ಲ, ಕಾಗದಕ್ಕೆ ಕೊಟ್ಟ ಜಿಎಸ್‌ಟಿ ಅದೇ ಕಾರಣಕ್ಕೆ ವಾಪಸು ಸಿಗುವುದಿಲ್ಲ. ಇದರ ವಿರುದ್ಧ ಸಂಪಾದಕರು ಒಟ್ಟಾಗಿ ಕೂಗಬೇಕು, ಕೂಗೋಣ. ಅಲ್ಲಿಯವರೆಗೆ ಮಾತ್ರ 1898ರ ಆ ಬ್ರಿಟಿಷ್ ಗುಮಾಸ್ತನ ಎರಡನೇ ಷರತ್ತು ನನಗೆ ಒಪ್ಪಿಗೆ. ಚಂದಾದಾರರ ಪಟ್ಟಿ ಇಲ್ಲದ್ದು ಪತ್ರಿಕೆಯಲ್ಲ ಎಂದು ಅವನಿಗೆ ಗೊತ್ತಿತ್ತು. ನಮ್ಮ ಸಾಹಿತ್ಯ ಲೋಕಕ್ಕೆ ಇನ್ನೂ ಗೊತ್ತಾಗಿಲ್ಲ.

‘ಅಚ್ಚು ಏಕೆ ಬೇಕು, ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಬಿಡಿ’ ಎನ್ನುವ ಗೆಳೆಯರಿದ್ದಾರೆ. ಪರದೆಯ ಮೇಲಿನ ಓದನ್ನು ನಾನು ಹಳಿಯುವುದಿಲ್ಲ, ನೀವು ಈ ಲೇಖನವನ್ನು ಅಲ್ಲಿಯೇ ಓದುತ್ತಿದ್ದೀರಿ. ಆದರೆ ಪಿಡಿಎಫ್ ಮಾಡಿದರೆ ಉಳಿಯುವುದು ಕಾಗದ ಮತ್ತು ಅಂಚೆಯ ಖರ್ಚು ಮಾತ್ರ. ಕಥೆ ತಿದ್ದುವವರ ರಾತ್ರಿಗಳು, ನುಡಿಯಲ್ಲಿ ಬಂದದ್ದನ್ನು ಯೂನಿಕೋಡಿಗೆ ತಂದು ಒಡೆದ ಒತ್ತಕ್ಷರಗಳನ್ನು ಒಂದೊಂದಾಗಿ ಜೋಡಿಸುವವರ ಕಣ್ಣು, ಚಿತ್ರ ಬರೆಯುವವರ ಮಸಿ, ಬಣ್ಣ, ವೇಳೆ, ಇವು ಎರಡೂ ಕಡೆ ಅಷ್ಟೇ ಬೇಕು. ಈ ದುಡಿಮೆಗೆ ಬೆಲೆ ಇಲ್ಲ ಎಂಬ ಭಾವನೆ ಇರುವವರೆಗೆ ಕಾಗದ ಹೋದರೂ ಗೌರವ ಪ್ರತಿ ಹೋಗುವುದಿಲ್ಲ, ಅದು ‘ಫಾರ್ವರ್ಡ್’ ಎಂಬ ಹೆಸರಿನಲ್ಲಿ ಬರುತ್ತದೆ.

ಈ ವಾದದ ಇನ್ನೊಂದು ಕೊನೆ ಸಂಪಾದಕರ ಕಡೆಗೇ ತಿರುಗುತ್ತದೆ, ತಿರುಗಲೇಬೇಕು. ಓದುಗರಿಗೆ ‘ಪುಕ್ಕಟೆ ಕೇಳಬೇಡಿ’ ಎನ್ನುವವನು ಲೇಖಕರಿಂದ, ಕಲಾವಿದರಿಂದ ಪುಕ್ಕಟೆ ತೆಗೆದುಕೊಳ್ಳುವಂತಿಲ್ಲ. ಚಿತ್ರಗಾರರ ಪಾಡು ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಕವಿತೆಗೆ ಕವಿಯ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತದೆ. ಅದರ ಪಕ್ಕದ ರೇಖಾಚಿತ್ರಕ್ಕೆ ಹೆಸರಿದ್ದರೆ ಮೂಲೆಯಲ್ಲಿ, ಇಲ್ಲದಿದ್ದರೆ ಇಲ್ಲ. ಸಂಭಾವನೆಯ ಮಾತೆತ್ತಿದರೆ ‘ನಿಮಗೂ ಪ್ರಚಾರ ಸಿಕ್ಕಿತಲ್ಲ’ ಎನ್ನುತ್ತಾರೆ. ನಮ್ಮಲ್ಲಿ ಚಿತ್ರಕ್ಕೂ ಕವಿತೆಗೂ ಒಂದೇ ಮೊತ್ತ. ಆ ಮೊತ್ತ ದೊಡ್ಡದಲ್ಲ, ಹೇಳಿದರೆ ನೀವು ನಗಬಹುದು. ಆದರೆ ಸಂಚಿಕೆ ಹೊರಬಂದ ದಿನವೇ ಕೊಡುತ್ತೇವೆ, ಕೊಟ್ಟದ್ದನ್ನೂ ಬಂದದ್ದನ್ನೂ ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕುತ್ತೇವೆ. ಹುಬ್ಬಳ್ಳಿಯ ಯಾವ ಅಡತಿ ಅಂಗಡಿಯಲ್ಲಾದರೂ ಕಿರ್ದಿ ಪುಸ್ತಕ ಇರುತ್ತದೆ. ಸಾಹಿತ್ಯಕ್ಕೆ ಅದು ಇರಬಾರದು ಎಂಬ ಕಟ್ಟಳೆ ಎಲ್ಲಿದೆ?

ವಿದ್ಯಾರ್ಥಿಗಳಿಗೆ ಬೇರೆಯಾಗಿ ಒಂದು ಮಾತು. ‘ನಮ್ಮ ಹತ್ತಿರ ರೊಕ್ಕ ಇಲ್ಲ’ ಎಂದು ನೀವು ಹೇಳಿದರೆ ನಾನು ನಂಬುತ್ತೇನೆ. ಆದರೆ ಪುಕ್ಕಟೆ ಪ್ರತಿ ನಿಮ್ಮ ಬಡತನಕ್ಕೆ ಪರಿಹಾರವಲ್ಲ, ಅದು ಹೇಗೂ ನಿಮ್ಮವರೆಗೆ ಬರುವುದಿಲ್ಲ, ನಿಮ್ಮ ಮೇಷ್ಟ್ರ ಕಪಾಟಿನಲ್ಲಿ ನಿಲ್ಲುತ್ತದೆ. ಐದು ಜನ ಸೇರಿ ಒಂದು ಚಂದಾ ಮಾಡಿ, ಹಾಸ್ಟೆಲಿನಲ್ಲಿ ಸುತ್ತಿಗೆ ಹಾಕಿ ಓದಿ. ಅದೂ ಆಗದಿದ್ದರೆ ಒಂದು ದಿನ ಬಂದು ಪುಟ ಮಡಚಿ, ಪಿನ್ನು ಹೊಡೆದು, ವಿಳಾಸ ಅಂಟಿಸಿ, ನಿಮ್ಮ ಕಾಲೇಜಿನಲ್ಲಿ ಹತ್ತು ಪ್ರತಿ ಮಾರಿಕೊಟ್ಟು ನಿಮ್ಮ ಪ್ರತಿ ಒಯ್ಯಿರಿ. ಅದು ದುಡಿದು ಗಳಿಸಿದ ಪ್ರತಿ, ತಲೆ ಎತ್ತಿ ಓದಬಹುದು. ಕವಿತೆ ಕಳಿಸುವವರಿಗೂ ಇದೇ ಮಾತು. ಕಳಿಸುವ ಮುನ್ನ ಪತ್ರಿಕೆಯ ಒಂದು ಸಂಚಿಕೆಯನ್ನಾದರೂ ಕೊಂಡು ಓದಿ. ತಾನು ಅಚ್ಚಾಗಬೇಕು, ಬೇರೆಯವರದು ಓದಬಾರದು ಎಂಬ ಕವಿಗಳೇ ತುಂಬಿದ ಊರಿನಲ್ಲಿ ಪತ್ರಿಕೆ ಬದುಕುವುದು ಹೇಗೆ?

ಒಂದು ಪತ್ರಿಕೆ ನಿಂತ ಮೇಲೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ‘ಸಣ್ಣ ಪತ್ರಿಕೆಗಳ ಕೊಡುಗೆ’ ಎಂಬ ವಿಚಾರ ಸಂಕಿರಣ, ಶಾಲು, ಹಾರ, ಎರಡು ಗೋಷ್ಠಿ, ಮಧ್ಯಾಹ್ನದ ಊಟ. ಬದುಕಿದ್ದಾಗ ಚಂದಾ ಕೊಡದವರು ವೇದಿಕೆಯ ಮೇಲೆ ಕೂತು ಅದರ ಅಗಲಿಕೆಗೆ ಮರುಗುತ್ತಾರೆ. ಆ ಒಂದು ಸಂಕಿರಣದ ಊಟದ ಖರ್ಚಿನಲ್ಲಿ ಎಷ್ಟು ಚಂದಾ ಆಗುತ್ತಿತ್ತು ಎಂದು ಯಾರಾದರೂ ಲೆಕ್ಕ ಹಾಕಲಿ.

ನಮ್ಮ ಪತ್ರಿಕೆಯ ಗೌರವ ಪ್ರತಿಗಳ ಪಟ್ಟಿ ಇಷ್ಟಕ್ಕೆ ಮುಗಿಯಿತು. ಅದರಲ್ಲಿದ್ದ ಹಿರಿಯರ ಮೇಲೆ ನನಗೆ ಇರುವ ಗೌರವ ಹಾಗೇ ಇದೆ, ಅವರ ಪುಸ್ತಕಗಳನ್ನು ನಾನು ಕೊಂಡು ಓದಿದ್ದೇನೆ. ಅವರಿಂದ ಕೇಳುತ್ತಿರುವುದೂ ಅಷ್ಟೇ. ವರ್ಷಕ್ಕೆ ನಾಲ್ಕು ಸಂಚಿಕೆ, ರೊಕ್ಕ ಮೊದಲು. ಉದ್ರಿ ನಾಳೆ ನೋಡೋಣ.